ಸಕ್ಕರೆ ಬೆಳೆಯ ಜೀವ ಉಳಿಸಿದ ಕಡಲ ದಂಡೆಯ ಕಳೆ

ಸೊಲ್ಲಾಪುರ: ದೀಪಾವಳಿ ಬಂತೆಂದರೆ ನಮ್ಮ ಭಾಗದಲ್ಲಿ ಕಬ್ಬಿನ ಹಂಗಾಮಿನದೇ ಮಾತು. ಯಾವ ಕಾರ್ಖಾನೆ ಎಷ್ಟು ದರ ಕೊಟ್ಟಿತು, ಕಡಿಯುವ ಟೋಳಿ ಯಾವಾಗ ಬರ್ತದ, ಈ ಸಲ ಉತಾರಾ ಎಷ್ಟು ಬಿತ್ತು? ಅಕ್ಕಲಕೋಟೆಯಿಂದ ಮಂಗಳವೇಢೆಯವರೆಗೆ ಊರ ಕಟ್ಟೆಯ ಮೇಲೆ ಇದೇ ಚರ್ಚೆ. ಸಕ್ಕರೆ ಅಂದ್ರೆ ಕಬ್ಬು, ಕಬ್ಬು ಅಂದ್ರೆ ಸಕ್ಕರೆ ಎಂದೇ ನಾವು ತಿಳಿದವರು.

ಆದರೆ ಜಗತ್ತಿನಲ್ಲಿ ತಯಾರಾಗುವ ಸಕ್ಕರೆಯ ಸುಮಾರು ಐದನೇ ಒಂದು ಪಾಲು ಕಬ್ಬಿನದಲ್ಲ. ಅದು ಮಣ್ಣಿನೊಳಗೆ ಬೆಳೆಯುವ ಬಿಳಿ ಗಡ್ಡೆಯೊಂದರದು. ಹೆಸರು ಸಕ್ಕರೆ ಬೀಟ್. ಯುರೋಪಿನ ರೈತರಿಗೆ ಅದೇ ಕಬ್ಬು. ಈ ಬೆಳೆ ಕಳೆದ ನೂರು ವರ್ಷಗಳಲ್ಲಿ ಎರಡು ಸಲ ದೊಡ್ಡ ರೋಗಕ್ಕೆ ಸಿಕ್ಕು ಒದ್ದಾಡಿತು. ಎರಡೂ ಸಲ ಅದರ ಕೈ ಹಿಡಿದದ್ದು ಸಮುದ್ರದ ದಂಡೆಯಲ್ಲಿ ತಾನಾಗಿ ಹುಟ್ಟಿ ತಾನಾಗಿ ಸಾಯುವ ಒಂದು ಕಳೆ! ಕಡಲು ಕಾಣದ ಬಯಲುಸೀಮೆಯ ನಮಗೆ ಈ ಕಥೆ ಯಾಕೆ ಅಂತ ಕೇಳಬಹುದು. ನಮ್ಮ ಹೊಲದ ಕಬ್ಬಿನ ಕಥೆಯೂ ಹೆಚ್ಚು ಕಡಿಮೆ ಇದೇ. ಅದಕ್ಕೇ ಈ ಬರಹ.

ಪಾಲಕ್‌ನ ಮೂಲ ಅಜ್ಜಿ

ಈ ಕಳೆಯನ್ನು ಕಡಲ ಬೀಟ್ ಎನ್ನೋಣ. ಯುರೋಪಿನ ಅಟ್ಲಾಂಟಿಕ್ ತೀರ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ತೀರ, ಉತ್ತರದಲ್ಲಿ ಡೆನ್ಮಾರ್ಕಿನವರೆಗೆ ಇದರ ಬೀಡು. ಭರತದ ನೀರು ಬಂದು ನಿಲ್ಲುವ ಗೆರೆಯ ಸ್ವಲ್ಪ ಮೇಲೆ, ಮರಳು, ಕಲ್ಲು, ಉಪ್ಪು ಕೆಸರಿನ ನಡುವೆ ಬೆಳೆಯುತ್ತದೆ. ಎಲೆ ದಪ್ಪ, ಹೊಳಪು. ಬೇರು ಮಾತ್ರ ಕಟ್ಟಿಗೆಯಂತೆ ಗಟ್ಟಿ, ನಾಲ್ಕಾರು ಕವಲು. ಕಾರ್ಖಾನೆಗೆ ಒಯ್ದರೆ ಗೇಟಿನಿಂದಲೇ ವಾಪಸ್ ಕಳಿಸುವಂಥದು.

ಆದರೆ ಬೀಟ್ ಕುಲದ ಎಲ್ಲ ಬೆಳೆಗಳಿಗೂ ಇದೇ ಮೂಲ. ಪಲ್ಯ, ಕೋಸಂಬರಿಗೆ ಹಾಕುವ ಕೆಂಪು ಬೀಟ್‌ರೂಟ್ ಇದರ ಮೊಮ್ಮಗಳು. ಅಷ್ಟೇ ಅಲ್ಲ, ನಮ್ಮ ಸಂತೆಯಲ್ಲಿ ತಪ್ಪಲ ಪಲ್ಯ ಮಾರುವ ಅವ್ವಂದಿರ ಬುಟ್ಟಿಯಲ್ಲಿರುವ ದೇಸಿ ಪಾಲಕ್ ಕೂಡ ಬೀಟ್ ಜಾತಿಯದೇ. ವಿಲಾಯತಿ ಪಾಲಕ್ ಬೇರೆ ಗಿಡ. ಪಾಲಕ್, ಬೀಟ್‌ರೂಟ್ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬರುವವರಿಗೆ ಇವು ಒಂದೇ ಮನೆತನದವು ಅಂತ ಅನಿಸುವುದೇ ಇಲ್ಲ.

ಒಂದೇ ದಂಡೆ, ನೂರು ಗುಣ

ಕಡಲ ಬೀಟಿನ ವಿಶೇಷ ಇರುವುದು ಅದರ ಒಂದು ಗಿಡದಲ್ಲಲ್ಲ. ಗಿಡ ಗಿಡಕ್ಕೂ ಇರುವ ವ್ಯತ್ಯಾಸದಲ್ಲಿ.

ಮೆಡಿಟರೇನಿಯನ್ ಕಡೆ ಬೇಸಿಗೆ ಒಣ, ಬಿಸಿಲು ಕಠಿಣ. ಅಲ್ಲಿನ ಬಹಳಷ್ಟು ಗಿಡಗಳು ಬೇಗ ಹೂ ಬಿಟ್ಟು, ಬೀಜ ಚೆಲ್ಲಿ, ಕೆಲವೇ ವರ್ಷಗಳಲ್ಲಿ ಆಟ ಮುಗಿಸುತ್ತವೆ. ಚಳಿಗಾಲದ ಥಂಡಿ ಕಾಣದಿದ್ದರೂ ಮೊದಲ ವರ್ಷವೇ ಹೂ ಬಿಡುವವೂ ಅಲ್ಲಿವೆ. ಅದೇ ಗಿಡದ ಉತ್ತರದ ನೆಂಟರಿಗೆ ಅವಸರವಿಲ್ಲ. ಒಂದು ಚಳಿಗಾಲ ಕಳೆದ ಮೇಲೆಯೇ ಹೂವಿನ ಮಾತು. ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಹತ್ತು ವರ್ಷದ ಆಚೆಗೂ ಬದುಕುವ ಗಿಡಗಳಿವೆ. ಕೆಲವು ನೆಲಕ್ಕೆ ಹಬ್ಬುತ್ತವೆ, ಕೆಲವು ನೆಟ್ಟಗೆ ನಿಲ್ಲುತ್ತವೆ. ಕೆಲವುಗಳ ದಂಟು ಹಸಿರು, ಕೆಲವುಗಳದು ಕೆಂಪು.

ಈ ವ್ಯತ್ಯಾಸಕ್ಕೆ ಕಾರಣ ಹಲವು. ಒಂದು, ಈ ಗಿಡ ಸಾಮಾನ್ಯವಾಗಿ ತನ್ನ ಪರಾಗದಿಂದ ತಾನೇ ಬೀಜ ಕಟ್ಟುವುದಿಲ್ಲ. ಗಾಳಿ ತಂದ ಬೇರೆ ಗಿಡದ ಪರಾಗ ಬೇಕು. ಹೀಗಾಗಿ ಪ್ರತಿ ಬೀಜವೂ ಎರಡು ಗಿಡಗಳ ಗುಣ ಕಲೆತ ಹೊಸ ಕೂಸು. ಎರಡು, ಇದರ ಬೀಜದ ಗೊಂಚಲು ಬೆಂಡಿನಂತೆ ಹಗುರ. ಸಮುದ್ರದ ನೀರಿನಲ್ಲಿ ತೇಲಿ ಹೋಗಿ ಇನ್ನೊಂದು ದಂಡೆಗೆ ಬೀಳುತ್ತದೆ, ಅಲ್ಲೇ ಮೊಳೆಯುತ್ತದೆ. ಮೂರು, ಒಂದು ದಂಡೆಯ ಹಾಗೆ ಇನ್ನೊಂದು ದಂಡೆ ಇರುವುದಿಲ್ಲ. ಒಂದು ಕಡೆ ಉಪ್ಪು ಕೆಸರು, ಇನ್ನೊಂದು ಕಡೆ ಬಂಡೆ, ಮತ್ತೊಂದು ಕಡೆ ಬರೀ ಮರಳು. ಅಲ್ಲಲ್ಲಿನ ಕಷ್ಟ ತಡೆದ ಗಿಡಗಳ ಸಂತಾನ ಅಲ್ಲಲ್ಲಿ ಉಳಿಯುತ್ತದೆ.

ಕಡಲ ಬೀಟಿನ ಊರು ಅಗಲದಲ್ಲಿ ಕೆಲವೇ ಮೀಟರ್, ಉದ್ದದಲ್ಲಿ ಸಾವಿರಾರು ಕಿಲೋಮೀಟರ್. ಆ ಉದ್ದದ ಪಟ್ಟಿಯ ತುಂಬ ಬಗೆಬಗೆಯ ಗುಣಗಳು ಹಂಚಿ ಬಿದ್ದಿವೆ.

ಹೊಲದ ಬೀಟ್ ಬಡವಾದದ್ದು ಹೇಗೆ?

ಇನ್ನು ಹೊಲಕ್ಕೆ ಬರೋಣ. 1747ರಲ್ಲಿ ಬರ್ಲಿನ್‌ನ ರಸಾಯನ ಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್ರಾಫ್, ಬೀಟ್ ಗಡ್ಡೆಯಲ್ಲಿರುವ ಸಿಹಿಯೂ ಕಬ್ಬಿನ ಸಕ್ಕರೆಯೂ ಒಂದೇ ಎಂದು ತೋರಿಸಿದ. ಅವನ ಶಿಷ್ಯ ಫ್ರಾಂಜ್ ಆಖಾರ್ಡ್ 19ನೇ ಶತಮಾನದ ಆರಂಭದಲ್ಲಿ ಸೈಲೀಷಿಯಾದ ಕುನೆರ್ನ್ ಎಂಬಲ್ಲಿ ಬೀಟ್ ಸಕ್ಕರೆಯ ಮೊದಲ ಕಾರ್ಖಾನೆ ನಡೆಸಿದ. ಆ ಊರು ಈಗ ಪೋಲೆಂಡಿನಲ್ಲಿದೆ. ಇಂಗ್ಲಿಷರ ಜೊತೆಗಿನ ಯುದ್ಧದಿಂದ ಯುರೋಪಿಗೆ ಕಬ್ಬಿನ ಸಕ್ಕರೆ ಬರುವುದು ನಿಂತಾಗ ನೆಪೋಲಿಯನ್ 1811ರಲ್ಲಿ ಬೀಟ್ ಬೆಳೆಯಲು ಫರ್ಮಾನು ಹೊರಡಿಸಿದ. ಬೆಳೆ ಹಬ್ಬಿತು.

ಆಖಾರ್ಡ್ ಕಾಲದ ಗಡ್ಡೆಯಲ್ಲಿ ಸಕ್ಕರೆ ಶೇ 5-6ರಷ್ಟು ಮಾತ್ರ. ಈಗಿನ ತಳಿಗಳಲ್ಲಿ ಶೇ 16ಕ್ಕೂ ಹೆಚ್ಚು. ಇನ್ನೂರು ವರ್ಷಗಳ ಕಾಲ ಸಿಹಿ ಗಡ್ಡೆಯ ಬೀಜವನ್ನೇ ಆರಿಸಿ ಆರಿಸಿ ಬಿತ್ತಿದ್ದರ ಫಲ ಇದು. ಆದರೆ ಇದಕ್ಕೊಂದು ಇನ್ನೊಂದು ಮುಖ ಇದೆ. ಸಕ್ಕರೆ ಬೀಟಿನ ಇಡೀ ವಂಶ ಬೆಳೆದದ್ದು ಬಹುಮಟ್ಟಿಗೆ ಸೈಲೀಷಿಯಾದ ಒಂದು ಬಿಳಿ ಬೀಟ್‌ನಿಂದ. ಸಿಹಿ ಬಂತು, ಬೇರೆ ಗುಣಗಳು ಹಿಂದೆ ಉಳಿದವು. ಒಂದೇ ಮನೆತನದಲ್ಲಿ ಕೊಟ್ಟು ತಂದು ಮಾಡಿದ ಹಾಗಾಯಿತು. ರೋಗ ಬಂದರೆ ಎಲ್ಲರಿಗೂ ಒಟ್ಟಿಗೇ!

ಇಟಲಿಯ ಒಡ್ಡಿನ ಮೇಲೆ

ಮೊದಲ ಪೆಟ್ಟು ಎಲೆ ಚುಕ್ಕೆ ರೋಗದ್ದು. ಸರ್ಕೋಸ್ಪೋರಾ ಎಂಬ ಶಿಲೀಂಧ್ರ ಇದರ ಮೂಲ. ಬಿಸಿಲು, ತೇವ ಎರಡೂ ಕೂಡಿದ ಕಡೆ ಎಲೆಯೆಲ್ಲ ಚುಕ್ಕೆ ಬಿದ್ದು ಸುಟ್ಟಂತಾಗುತ್ತದೆ. ಗಿಡ ಹೊಸ ಎಲೆ ಹಾಕಲು ಗಡ್ಡೆಯಲ್ಲಿ ಕೂಡಿಟ್ಟ ಸಕ್ಕರೆಯನ್ನೇ ಖರ್ಚು ಮಾಡುತ್ತದೆ. ಇಟಲಿಯ ಪೋ ನದಿಯ ಬಯಲಿನ ರೈತರು ಇದರಿಂದ ಸೋತು ಹೋಗಿದ್ದರು.

ಅಲ್ಲಿನ ರೊವಿಗೋ ಪಟ್ಟಣದ ಬೀಟ್ ಸಂಶೋಧನಾ ಕೇಂದ್ರದಲ್ಲಿ ಒಟ್ಟಾವಿಯೋ ಮುನೆರಾಟಿ ಎಂಬ ವಿಜ್ಞಾನಿ ಇದ್ದ. ಪೋ ನದಿ ಏಡ್ರಿಯಾಟಿಕ್ ಸಮುದ್ರ ಸೇರುವ ಕಡೆ, ಒಡ್ಡುಗಳ ಮೇಲೆ ಕಡಲ ಬೀಟ್ ಬೆಳೆಯುವುದನ್ನು ಅವನು ಗಮನಿಸಿದ. 20ನೇ ಶತಮಾನದ ಆರಂಭದಲ್ಲೇ ಅವುಗಳ ಬೀಜ ತಂದು ಸಕ್ಕರೆ ಬೀಟ್ ಜೊತೆ ಸಂಕರ ಮಾಡತೊಡಗಿದ. ಕೆಲಸ ಸುಲಭದ್ದಾಗಿರಲಿಲ್ಲ. ಹುಟ್ಟಿದ ಗಿಡಗಳ ಬೇರು ಕವಲು ಕವಲು, ಸಕ್ಕರೆ ಕಡಿಮೆ, ಮೊದಲ ವರ್ಷವೇ ಹೂ. ಮತ್ತೆ ಮತ್ತೆ ಸಕ್ಕರೆ ಬೀಟ್‌ಗೆ ಕೂಡಿಸಿ, ಬೇಡದ ಗುಣ ಬಿಟ್ಟು, ಬೇಕಾದ ಒಂದು ಗುಣ ಮಾತ್ರ ಹಿಡಿದಿಟ್ಟುಕೊಳ್ಳಲು ಎರಡು ದಶಕ ಬೇಕಾದವು. 1930ರ ದಶಕದಲ್ಲಿ ಆ ಬೀಜ ಯುರೋಪ್, ಅಮೆರಿಕಗಳ ತಳಿ ಸಂಶೋಧಕರ ಕೈಸೇರಿತು. ಇಂದಿಗೂ ಎಲೆ ಚುಕ್ಕೆ ರೋಗ ತಡೆಯುವ ತಳಿಗಳಲ್ಲಿ ಆ ಒಡ್ಡಿನ ಮೇಲಿನ ಕಳೆಯ ರಕ್ತ ಹರಿಯುತ್ತಿದೆ.

ಅಮೆರಿಕದ ಜಾರ್ಜ್ ಕೂನ್ಸ್ ಎಂಬ ವಿಜ್ಞಾನಿಯೂ 1925 ಮತ್ತು 1935ರಲ್ಲಿ ಯುರೋಪಿನ ತೀರಗಳನ್ನು ಸುತ್ತಿ ಕಾಡು ಬೀಟ್ ಬೀಜ ಕೂಡಿಸಿದ. ಮುಂದೆ ಯಾವ ರೋಗ ಬರುತ್ತದೋ ಆಗ ಯಾರಿಗೂ ಗೊತ್ತಿರಲಿಲ್ಲ. ಬೀಜ ಮಾತ್ರ ಜೋಪಾನವಾಗಿತ್ತು.

ಬೇರಿಗೆ ಹಿಡಿದ ಹುಚ್ಚು

ಎರಡನೇ ಪೆಟ್ಟು ಇನ್ನೂ ಕೆಟ್ಟದ್ದು. 1950ರ ದಶಕದಲ್ಲಿ ಇಟಲಿಯ ಹೊಲಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಗಡ್ಡೆ ದಪ್ಪಗಾಗುವ ಬದಲು ಸುತ್ತಲೂ ಗಡ್ಡ ಬಿಟ್ಟಂತೆ ಸಣ್ಣ ಬೇರುಗಳು. ಎಲೆ ಹಳದಿ, ಗಡ್ಡೆ ಪುಟ್ಟದು, ಸಕ್ಕರೆ ಅರ್ಧ. ಅದಕ್ಕೆ ರೈಜೋಮೇನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಿಂದ ಬಂದ ಮಾತು. ಅರ್ಥ, ಬೇರಿನ ಹುಚ್ಚು.

ಇದಕ್ಕೆ ಕಾರಣ ಒಂದು ವೈರಸ್ ಎಂಬುದನ್ನು 1973ರಲ್ಲಿ ಜಪಾನಿನಲ್ಲಿ ಗುರುತಿಸಲಾಯಿತು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ ಅದನ್ನು ಬೇರಿನಿಂದ ಬೇರಿಗೆ ಸಾಗಿಸುತ್ತದೆ. ತೊಂದರೆ ಇರುವುದು ಇಲ್ಲೇ. ಆ ಜೀವಿ ಗಟ್ಟಿ ಕವಚ ತೊಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಮಲಗಿರಬಲ್ಲದು. ಔಷಧ ಹೊಡೆದರೆ ಹೋಗುವುದಲ್ಲ. ಬೆಳೆ ಬದಲಿಸಿ ನಾಲ್ಕು ವರ್ಷ ಬಿಟ್ಟು ಬಂದರೂ ಕಾದು ಕುಳಿತಿರುತ್ತದೆ. ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಮಣ್ಣು, ಹರಿಯುವ ನೀರು ಸಾಕು, ಮುಂದಿನ ಹೊಲಕ್ಕೆ ಹೋಗಲು. 1980ರ ದಶಕದಲ್ಲಿ ಅದು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೂ ಕಾಲಿಟ್ಟಿತು.

ಆಗ ಅಲ್ಲಿನ ಒಂದು ಸಕ್ಕರೆ ಕಂಪನಿಯ ತಳಿಯಲ್ಲಿ ರೋಗ ತಡೆಯುವ ಒಂದು ಗುಣ ಸಿಕ್ಕಿತು. ವಿಜ್ಞಾನಿಗಳು ಅದಕ್ಕೆ ಆರ್‌ಝಡ್-1 ಎಂದರು. ಜಗತ್ತಿನ ಬೀಟ್ ಹೊಲಗಳೆಲ್ಲ ಆ ಒಂದೇ ಗುಣದ ಮೇಲೆ ನಿಂತವು. ಒಂದೇ ಕಂಬದ ಚಪ್ಪರ! 2000ದ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ವೈರಸ್ ಆ ಕಂಬವನ್ನು ಅಲುಗಾಡಿಸಿತು. ಆರ್‌ಝಡ್-1 ಇದ್ದ ಗಿಡಗಳಿಗೂ ರೋಗ ಬಂತು.

ಡೆನ್ಮಾರ್ಕಿನ ದಂಡೆಯಿಂದ ಬಂದ ಎರಡನೇ ಕಂಬ

ಅದೃಷ್ಟಕ್ಕೆ ಎರಡನೇ ಕಂಬ ಅಷ್ಟರಲ್ಲೇ ತಯಾರಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಲಿನಾಸ್ ಸಂಶೋಧನಾ ಕೇಂದ್ರದವರು ಕೂಡಿಟ್ಟ ಕಡಲ ಬೀಟ್ ಬೀಜಗಳನ್ನು ಒಂದೊಂದಾಗಿ ರೋಗದ ಮಣ್ಣಿನಲ್ಲಿ ಬಿತ್ತಿ ಪರೀಕ್ಷಿಸಿದ್ದರು. ಡಬ್ಲ್ಯುಬಿ-42 ಎಂಬ ನಂಬರಿನ ಬೀಜ ಗಟ್ಟಿಯಾಗಿ ನಿಂತಿತು. ಅದರ ತವರು ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಎಂಬ ಊರಿನ ಹತ್ತಿರದ ಕಡಲ ಚಾಚು. ಅದರಲ್ಲಿನ ಗುಣಕ್ಕೆ ಆರ್‌ಝಡ್-2 ಎಂಬ ಹೆಸರು ಬಂತು. ಎರಡೂ ಗುಣ ಕೂಡಿದ ತಳಿಗಳು ಹೊಲಕ್ಕೆ ಬಂದವು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಸಕ್ಕರೆ ಬೀಟಿನ ಪೂರ್ತಿ ವಂಶವಾಹಿ ನಕ್ಷೆ ಪ್ರಕಟವಾಯಿತು. ನಂತರ ಯುರೋಪಿನ ಸಂಶೋಧಕರ ತಂಡ ಮತ್ತೆ ಅದೇ ಕಲುಂಡ್‌ಬೋರ್ಗ್ ದಂಡೆಯ ಗಿಡಗಳ ಬೆನ್ನು ಹತ್ತಿತು. ಅಲ್ಲಿ ಅಕ್ಕಪಕ್ಕ ಬೆಳೆದ ಗಿಡಗಳಲ್ಲೇ ಕೆಲವು ರೋಗ ತಡೆಯುತ್ತಿದ್ದವು, ಕೆಲವು ತಡೆಯುತ್ತಿರಲಿಲ್ಲ. ಎರಡೂ ಗುಂಪಿನ ವಂಶವಾಹಿ ಓದಿ, ಎಲ್ಲಿ ವ್ಯತ್ಯಾಸ ಇದೆ ಅಂತ ಹೋಲಿಸಿ ನೋಡಿ, ಆರ್‌ಝಡ್-2 ಇರುವ ನಿಖರ ಜಾಗವನ್ನು ಹಿಡಿದರು. 2017ರಲ್ಲಿ ಅದು ಪ್ರಕಟವಾಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಆ ದಂಡೆಯ ಗಿಡಗಳೆಲ್ಲ ಒಂದೇ ಥರ ಇದ್ದಿದ್ದರೆ ಹೋಲಿಸಲು ಏನೂ ಸಿಗುತ್ತಿರಲಿಲ್ಲ. ಎಲ್ಲವೂ ರೋಗಕ್ಕೆ ಬಲಿಯಾಗುವ ಗುಣದವೇ ಆಗಿದ್ದರೆ ಬೆಳೆಗೆ ಆಸರೆಯೂ ಇರುತ್ತಿರಲಿಲ್ಲ. ಉಪಯೋಗಕ್ಕೆ ಬಂದದ್ದು ವ್ಯತ್ಯಾಸವೇ.

ನೆಂಟಸ್ತನದ ಕಿರಿಕಿರಿ

ಹಾಗಂತ ಕಾಡಿನ ನೆಂಟರಿಂದ ಬರೀ ಲಾಭವೇ ಅಂತಲ್ಲ. ಫ್ರಾನ್ಸಿನ ನೈಋತ್ಯ ಭಾಗ ಮತ್ತು ಉತ್ತರ ಇಟಲಿಯಲ್ಲಿ ಸಕ್ಕರೆ ಬೀಟ್ ಬೀಜ ತಯಾರಿಸುತ್ತಾರೆ. ಸುತ್ತಲಿನ ಕಾಡು ಬೀಟಿನ ಪರಾಗ ಗಾಳಿಯಲ್ಲಿ ಹಾರಿ ಬಂದು ಆ ಬೀಜದಲ್ಲಿ ಸೇರಿಕೊಂಡಿತು. ಅದನ್ನು ಬಿತ್ತಿದ ರೈತರ ಹೊಲದಲ್ಲಿ ಮೊದಲ ವರ್ಷವೇ ಹೂ ಬಿಡುವ ಗಿಡಗಳು ಎದ್ದವು. ಹೂ ಬಿಟ್ಟರೆ ಸಕ್ಕರೆ ಹೋಯಿತು. ಕಬ್ಬಿಗೆ ಸೂಲಂಗಿ, ಮರಾಠಿಯಲ್ಲಿ ಹೇಳುವ ತುರಾ ಬಂದರೆ ನಮ್ಮ ರೈತರು ಹೇಗೆ ತಲೆ ಕೆಡಿಸಿಕೊಳ್ಳುತ್ತಾರೋ ಹಾಗೆ. ಆ ಗಿಡಗಳು ಉದುರಿಸಿದ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿದ್ದು ಕಳೆಯಾಗಿ ಏಳುತ್ತದೆ. ನೆಂಟರು ಬೇಕು, ಆದರೆ ಅವರವರ ಮನೆಯಲ್ಲಿ ಇರಬೇಕು ಅನ್ನೋದು ಇಲ್ಲಿಯೂ ನಿಜ.

ನಮ್ಮ ಕಬ್ಬಿನಲ್ಲೂ ಕಾಡಿನ ರಕ್ತ

ಈಗ ನಮ್ಮ ಹೊಲದ ಮಾತು. ನದಿ, ಹಳ್ಳದ ದಂಡೆಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳ್ಳಗೆ, ರೇಷ್ಮೆಯಂಥ ಹೂ ಬಿಟ್ಟು ತೂಗುವ ಎತ್ತರದ ಹುಲ್ಲನ್ನು ನೋಡಿರಬಹುದು. ಹಿಂದಿಯವರು ಕಾಂಸ್ ಅನ್ನುತ್ತಾರೆ. ಅದು ಕಾಡು ಕಬ್ಬು. ಕಡ್ಡಿ ಸಣ್ಣ, ರಸ ಇಲ್ಲವೇ ಇಲ್ಲ ಅನ್ನಬೇಕು. ಸಮುದ್ರ ತೀರದಿಂದ ಹಿಮಾಲಯದ ಬುಡದವರೆಗೂ ಬೆಳೆಯುತ್ತದೆ. ವ್ಯತ್ಯಾಸದಲ್ಲಿ ಇದು ಕಡಲ ಬೀಟನ್ನೂ ಮೀರಿಸುತ್ತದೆ. ಮನುಷ್ಯರೆಲ್ಲರ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿದ್ದರೆ, ಈ ಒಂದೇ ಹುಲ್ಲಿನ ಬೇರೆ ಬೇರೆ ಗಿಡಗಳಲ್ಲಿ ಅವು 40ರಿಂದ 128ರವರೆಗೆ ಇವೆ!

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ವೆಲ್ಲೈ ಎಂಬ ದಪ್ಪ ಸಿಹಿ ಕಬ್ಬನ್ನು ಕೊಯಮತ್ತೂರಿನದೇ ಕಾಡು ಕಬ್ಬಿನ ಜೊತೆ ಕೂಡಿಸಿದರು. ಅದರಿಂದ ಹುಟ್ಟಿದ ಕೋ-205 ತಳಿ 1918ರಲ್ಲಿ ಹೊರಬಂತು. ಆಮೇಲೆ ಬಂದ ಆಧುನಿಕ ತಳಿಗಳೆಲ್ಲ ಇದೇ ದಾರಿ ಹಿಡಿದವು. ಈಗಿನ ಕಬ್ಬಿನ ವರ್ಣತಂತುಗಳಲ್ಲಿ ಸುಮಾರು ಶೇ 10ರಿಂದ 15ರಷ್ಟು ಕಾಡು ಕಬ್ಬಿನವು. ಸಿಹಿ ಬಂದದ್ದು ಒಂದು ಕಡೆಯಿಂದ, ರೋಗ ತಡೆಯುವ ಗಟ್ಟಿತನ, ಕೂಳೆ ಚಿಗುರುವ ಶಕ್ತಿ ಇನ್ನೊಂದು ಕಡೆಯಿಂದ. ನಮ್ಮ ರೈತರು ಬಾಯಿಪಾಠದಂತೆ ಹೇಳುವ 86032 ಕೂಡ ಇದೇ ಸಂಕರ ವಂಶದ ಕುಡಿ. ಬದುವಿನ ಮೇಲಿನ ಹುಲ್ಲು ಅಂತ ಯಾರು ಬೆಂಕಿ ಹಚ್ಚುತ್ತಾರೋ, ಅವರ ಹೊಲದ ಕಬ್ಬಿನಲ್ಲೇ ಆ ಹುಲ್ಲು ಕುಳಿತಿದೆ.

ಉಪ್ಪಿನ ಪಾಠ

ಕಡಲ ದಂಡೆಯ ಗಿಡಗಳಿಂದ ನಮ್ಮ ಕಡೆಯವರು ಕಲಿಯಬೇಕಾದ ಇನ್ನೊಂದು ಪಾಠ ಉಪ್ಪಿನದು. ಕಾಲುವೆ ನೀರು ಹೆಚ್ಚಾಗಿ ಸವಳು ಬಿದ್ದ ಜಮೀನು ಸಾಂಗಲಿ, ಸೊಲ್ಲಾಪುರ ಎರಡೂ ಜಿಲ್ಲೆಗಳಲ್ಲಿವೆ. ಮರಾಠಿಯಲ್ಲಿ ಖಾರಪಡ ಅನ್ನುತ್ತಾರೆ. ಮಣ್ಣಿನ ನೀರಿನಲ್ಲಿರುವ ಉಪ್ಪನ್ನು ಅಳೆಯಲು ಇಸಿ ಎಂಬ ಮಾಪನ ಇದೆ. ವಿಜ್ಞಾನಿಗಳ ಲೆಕ್ಕದಲ್ಲಿ ಈ ಮಾಪನ 1.7 ದಾಟಿದರೆ ಕಬ್ಬಿನ ಇಳುವರಿ ಇಳಿಯತೊಡಗುತ್ತದೆ. ಸಕ್ಕರೆ ಬೀಟ್ 7ರವರೆಗೂ ತಡೆಯುತ್ತದೆ. ಸಮುದ್ರದ ಉಪ್ಪು ಕುಡಿದು ಬೆಳೆದ ಅಜ್ಜಿಯ ಗುಣ ಮೊಮ್ಮಗಳಿಗೂ ಉಳಿದಿದೆ ಅಂತಾಯಿತು.

ನಮ್ಮ ಪಶ್ಚಿಮ ಕರಾವಳಿಯಲ್ಲೂ ಇಂಥ ಆಸ್ತಿ ಇದೆ. ಗೋವಾದ ಖಾಜಣ ಗದ್ದೆಗಳ ಕೊರ್ಗುಟ್, ಕುಮಟಾ ಕಡೆಯ ಅಘನಾಶಿನಿ ನದಿಮುಖದ ಕಗ್ಗ, ಕಾಸರಗೋಡು, ಕಣ್ಣೂರು ಕಡೆಯ ಕೈಪಾಡ್, ಕೊಚ್ಚಿ ಕಡೆಯ ಪೊಕ್ಕಾಳಿ, ಇವೆಲ್ಲ ಉಪ್ಪು ನೀರಿನಲ್ಲಿ ಬೆಳೆಯುವ ಭತ್ತಗಳು. ಇವು ಕಾಡು ಗಿಡಗಳಲ್ಲ, ರೈತರು ತಲೆತಲಾಂತರದಿಂದ ಕಾದಿಟ್ಟ ತಳಿಗಳು. ಪೊಕ್ಕಾಳಿಯಲ್ಲಿರುವ ಉಪ್ಪು ತಡೆಯುವ ಗುಣವನ್ನು ಈಗ ಬೇರೆ ಭತ್ತದ ತಳಿಗಳಿಗೂ ಸೇರಿಸಲಾಗುತ್ತಿದೆ. ಇನ್ನು ನಿಜವಾದ ಕಾಡು ನೆಂಟ ನೋಡಬೇಕೆಂದರೆ ಬಂಗಾಳದ ಸುಂದರಬನಕ್ಕೆ ಹೋಗಬೇಕು. ಅಲ್ಲಿ ದಿನಾ ಭರತದ ಉಪ್ಪು ನೀರಿನಲ್ಲಿ ಮುಳುಗೇಳುವ ಒಂದು ಕಾಡು ಭತ್ತ ಇದೆ. ಒಳಗೆ ಬಂದ ಉಪ್ಪನ್ನು ಎಲೆಯ ಮೇಲಿನ ಸಣ್ಣ ರೋಮಗಳಿಂದ ಹೊರಗೆ ಹಾಕುತ್ತದೆ. ಬೆಳೆಯುವ ಭತ್ತದ ಜೊತೆ ಅದನ್ನು ಕೂಡಿಸುವುದು ಬಹಳ ಕಷ್ಟ. ಆದರೂ ವಿಜ್ಞಾನಿಗಳು ಬೆನ್ನು ಬಿಟ್ಟಿಲ್ಲ.

ಹೋದರೆ ಮತ್ತೆ ಬಾರದು

ತೀರದ ಪಟ್ಟಿ ಸಣ್ಣದು. ಸಮುದ್ರ ತಡೆಗೋಡೆ, ರಸ್ತೆ, ಹೋಟೆಲು ಬಂದರೆ ಮೊದಲು ಹೋಗುವುದು ಅದೇ. ಕಡಲ ಬೀಟ್ ಎಂಬ ಜಾತಿ ಪೂರ್ತಿ ನಾಶವಾಗಲಿಕ್ಕಿಲ್ಲ, ನಿಜ. ಆದರೆ ಒಂದು ದಂಡೆಯ ಗಿಡಗಳು ಹೋದರೆ ಆ ದಂಡೆಯಲ್ಲಿ ಮಾತ್ರ ಇದ್ದ ಗುಣ ಅದರ ಜೊತೆಗೇ ಹೋಗುತ್ತದೆ. ಕಲುಂಡ್‌ಬೋರ್ಗ್‌ನಲ್ಲಿ ಒಂದು ಬಂದರು ಗೋಡೆ ಮೊದಲೇ ಎದ್ದಿದ್ದರೆ ಎರಡನೇ ಕಂಬ ಸಿಗುತ್ತಿತ್ತೋ ಇಲ್ಲವೋ!

ಬೀಜ ಸಂಗ್ರಹಾಲಯಗಳು ಇವೆ. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ ಈ ಕೆಲಸ ಮಾಡುತ್ತದೆ. ಅದರ ಪ್ರಾದೇಶಿಕ ಕೇಂದ್ರಗಳು ಮಹಾರಾಷ್ಟ್ರದ ಅಕೋಲಾ, ಕೇರಳದ ತ್ರಿಶೂರುಗಳಲ್ಲಿವೆ. ಆದರೆ ಡಬ್ಬಿಯಲ್ಲಿಟ್ಟ ಬೀಜ ಇಟ್ಟ ದಿನದ ಹಾಗೇ ಇರುತ್ತದೆ. ದಂಡೆಯ ಮೇಲಿನ ಗಿಡ ಹೊಸ ರೋಗ, ಹೊಸ ಬಿಸಿಲಿನ ಜೊತೆ ಹೊಡೆದಾಡುತ್ತ ಬದಲಾಗುತ್ತಿರುತ್ತದೆ. ಎರಡೂ ಬೇಕು.

ನಮ್ಮ ಬದು, ಹಳ್ಳ, ಗಾಯರಾಣ ಜಾಗಗಳೂ ಇಂಥ ದಂಡೆಗಳೇ. ಅಲ್ಲಿ ಕಾಡು ಕಬ್ಬು ಇದೆ. ಮರಾಠಿಯವರು ರಾನತೂರ ಅನ್ನುವ ಕಾಡು ತೊಗರಿ ಇದೆ. ರಾನಮೂಗ ಅನ್ನುವ ಕಾಡು ಹೆಸರು ಇದೆ. ಇವುಗಳ ಹೆಸರು ಕನ್ನಡದಲ್ಲೂ ಮರಾಠಿಯಲ್ಲೂ ಬಲ್ಲ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಶಾಲೆಯ ಮಕ್ಕಳು ಒಂದು ರವಿವಾರ ಅಜ್ಜ-ಅಜ್ಜಿಯ ಜೊತೆ ಬದುವಿನ ಮೇಲೆ ತಿರುಗಾಡಿ, ಯಾವ ಗಿಡ ಎಲ್ಲಿದೆ ಅಂತ ಎರಡೂ ಭಾಷೆಯಲ್ಲಿ ಬರೆದಿಟ್ಟರೆ ಖರ್ಚೇನೂ ಇಲ್ಲ. ಕಳೆನಾಶಕ ಹೊಡೆಯುವಾಗ ಹೊಲದೊಳಗೆ ಹೊಡೆದು ಬದುವಿನ ಒಂದು ತುದಿ ಬಿಟ್ಟರೂ ಸಾಕು. ಹಿಂದೆ ಮುನೆರಾಟಿ ಬೀಜ ಆಯ್ದದ್ದು ಕೂಡ ಯಾರೋ ಹಾಗೇ ಬಿಟ್ಟಿದ್ದ ಒಂದು ಒಡ್ಡಿನ ಮೇಲಿಂದಲೇ.